ಮಗಳ ಹೆಸರಿನ ತೋಟಾ

ನಮ್ಮ ಮನೆಯಲ್ಲಿ ತೋಟಾಗಳ ಎರಡು ಡಬ್ಬಿಗಳಿವೆ. ಒಂದರ ಮೇಲೆ ಮಗಳ ಹೆಸರು ಬರೆದಿದೆ. ಇನ್ನೊಂದರ ಮೇಲೂ ಮಗಳ ಹೆಸರೇ ಬರೆದಿದೆ. ಎರಡನೆಯದು ನನ್ನದು.

ಅದರ ಮೇಲೆ ‘ಲೋ ರಿಕಾಯ್ಲ್, ಲೋ ನಾಯ್ಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒದೆ ಕಡಿಮೆ, ಸದ್ದೂ ಕಡಿಮೆ. ಮಕ್ಕಳಿಗೆ, ಹೊಸದಾಗಿ ಕಲಿಯುವವರಿಗೆ, ಭುಜದ ಆಪರೇಷನ್ ಮಾಡಿಸಿಕೊಂಡ ಮುದುಕರಿಗೆ ಎಂದು ತಯಾರಾಗುವ ಸರಕು. ಈ ಮೂರು ಪಂಗಡಕ್ಕೂ ನಾನು ಸೇರಿದವನಲ್ಲ ಎಂದು ಅಂಗಡಿಯವನಿಗೆ ಗೊತ್ತಾಗಲಿ ಅಂತ, ಅವನು ಕೇಳದಿದ್ದರೂ ಪ್ರತಿಸಲ “ಮಗಳಿಗೆ” ಎನ್ನುತ್ತೇನೆ. ಅವನು ಒಮ್ಮೆ ನನ್ನ ಮುಖ ನೋಡುತ್ತಾನೆ, ಒಮ್ಮೆ ನನ್ನ ಬಲಭುಜ ನೋಡುತ್ತಾನೆ, ಆಮೇಲೆ “ಎಷ್ಟು ಡಬ್ಬಿ ಕೊಡಲಿ?” ಅನ್ನುತ್ತಾನೆ. ಸಜ್ಜನ.

ಇದೆಲ್ಲ ಶುರುವಾದದ್ದು ಮಗಳು ಏಳನೇ ಕ್ಲಾಸಿನಲ್ಲಿ ಶಾಲೆಯಿಂದ ಒಂದು ಕಾಗದ ತಂದಾಗ. ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಮಗ್ಗುಲಿನ ಒಂದು ಊರಲ್ಲಿ. ಇಲ್ಲಿರುವ ನಮ್ಮಂಥ ಅಪ್ಪ ಅಮ್ಮಂದಿರು ಶಾಲೆಯ ಕಾಗದಗಳಿಗೆ ಮಾನಸಿಕವಾಗಿ ತಯಾರಾಗಿಯೇ ಇರುತ್ತೇವೆ. ಸ್ಪೆಲಿಂಗ್ ಬೀ ಇರಬಹುದು, ರೋಬಾಟಿಕ್ಸ್ ಇರಬಹುದು, ವಯೊಲಿನ್ ಬಾಡಿಗೆಯ ಬಾಕಿ ಇರಬಹುದು. ಇದು ಬಂದೂಕಿನದು. ಆಕಾಶಕ್ಕೆ ಚಿಮ್ಮುವ ಬಿಲ್ಲೆಗಳನ್ನು ಚರೆಕೋವಿಯಿಂದ ಹೊಡೆದು ಉದುರಿಸುವ ಟ್ರ್ಯಾಪ್ ಶೂಟಿಂಗಿಗೆ ಇಲ್ಲಿನ ಶಾಲೆಗಳದೇ ಒಂದು ಲೀಗ್ ಇದೆ. ಮೂರೇ ಮೂರು ತಂಡಗಳಿಂದ ಶುರುವಾಗಿ ಈಗ ರಾಜ್ಯವಿಡೀ ಹಬ್ಬಿದೆ. ಆರನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗಿನ ಯಾರು ಬೇಕಾದರೂ ಸೇರಬಹುದು. ಎತ್ತರ, ಓಟ, ತೂಕ ಯಾವುದನ್ನೂ ಕೇಳುವುದಿಲ್ಲ. ಜೂನ್ ತಿಂಗಳಲ್ಲಿ ಅಲೆಕ್ಸಾಂಡ್ರಿಯಾ ಎಂಬ ಊರಿನಲ್ಲಿ ರಾಜ್ಯಮಟ್ಟದ ಪಂದ್ಯ ನಡೆಯುತ್ತದೆ. ಸಾವಿರಾರು ಮಕ್ಕಳು ದಿನಗಟ್ಟಲೆ ಸರದಿಯ ಮೇಲೆ ಗುಂಡು ಹೊಡೆಯುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಂಚು ಕಾಯುವುದರಲ್ಲೇ ಪರಿಣತಿ ಪಡೆದಿದ್ದ ನನ್ನ ಮಗಳಿಗೆ ‘ಇಲ್ಲಿ ಬೆಂಚು ಇಲ್ಲ’ ಎನ್ನುವ ಸಾಲು ಹಿಡಿಸಿತ್ತು.

ನನ್ನ ಹೆಂಡತಿ ಬಸವನಗುಡಿಯವಳು. ಅವಳ ತವರಿನಲ್ಲಿ ಅತ್ಯಂತ ಅಪಾಯದ ಆಯುಧ ಈಳಿಗೆಮಣೆ. ಕಾಗದವನ್ನು ಎರಡು ಸಲ ಓದಿ, “ರೀ, ಹಕ್ಕಿ ಹೊಡೀತಾರಂತೆ” ಎಂದಳು. ನಾನು ಅದಾಗಲೇ ಅಷ್ಟಿಷ್ಟು ಓದಿಕೊಂಡಿದ್ದರಿಂದ, ‘ಮಣ್ಣಿನ ಪಾರಿವಾಳ’ ಅನ್ನುವುದು ಬರೀ ಹೆಸರು, ಅದರಲ್ಲಿ ಪಾರಿವಾಳವೂ ಇಲ್ಲ ಮಣ್ಣೂ ಇಲ್ಲ, ಸುಣ್ಣಕಲ್ಲಿನ ಪುಡಿಗೆ ಪಿಚ್ ಬೆರೆಸಿ ಅಚ್ಚು ಹಾಕಿದ 108 ಮಿಲಿಮೀಟರ್ ಅಗಲದ ಬಿಲ್ಲೆ ಎಂದು ವಿವರಿಸಿದೆ. ಜೀವಹಿಂಸೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ನನ್ನ ಜೀವದ ಪ್ರಶ್ನೆ. ಅದನ್ನು ಯಾರೂ ಎತ್ತಲಿಲ್ಲ.

ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಮಗಳ ಶಾಲೆಯಲ್ಲಿ ಬಂದೂಕು ಹಿಡಿದವನೊಬ್ಬ ಒಳನುಗ್ಗಿದರೆ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಆ ಸೂಚನೆಯೂ, ಬಂದೂಕಿನ ತಂಡದ ಕಾಗದವೂ ಒಂದೇ ಚೀಲದಲ್ಲಿ ಮನೆಗೆ ಬರುವ ದೇಶ ಇದು. ಹೆಂಡತಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು, “ಹೆದರಿಕೊಂಡು ಮೂಲೆಯಲ್ಲಿ ಕೂತೇ ಬಂದೂಕಿನ ಪರಿಚಯ ಆಗೋದಕ್ಕಿಂತ, ಕಲಿಸೋರ ಹತ್ರ ನಿಂತು ಆಗಲಿ. ಆದರೆ ನಮ್ಮ ಮನೇಲಿ ಏನೇ ಇದ್ದರೂ ಬೀಗದ ನಂಬರು ನನ್ನ ಹತ್ರ” ಎಂದಳು. ಬಂದೂಕು ಕಬ್ಬಿಣದ ಕಪಾಟಿನಲ್ಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿ, ಎರಡಕ್ಕೂ ಬೀಗ. ಎರಡರ ನಂಬರೂ ಇವತ್ತಿಗೂ ನನಗೆ ಗೊತ್ತಿಲ್ಲ. ಬ್ಯಾಂಕಿನ ಪಾಸ್‌ವರ್ಡನ್ನು ಜೋರಾಗಿ ಹೇಳಿಕೊಂಡು ಟೈಪು ಮಾಡುವ ಗಂಡನ ವಿಷಯದಲ್ಲಿ ಅದು ವಿವೇಕದ ತೀರ್ಮಾನವೆಂದು ಒಪ್ಪಿದ್ದೇನೆ.

ಆಗ ನಮ್ಮಮ್ಮ ತೀರ್ಥಹಳ್ಳಿ ಕಡೆಯಿಂದ ಬಂದು ಆರು ತಿಂಗಳ ಮಟ್ಟಿಗೆ ನಮ್ಮಲ್ಲಿದ್ದರು. ವಿಷಯ ಕೇಳಿದರೆ ಎದೆ ಒಡೆದುಕೊಂಡಾರು ಎಂದು ನಾವು ಗುಸುಗುಸು ಮಾತಾಡುತ್ತಿದ್ದೆವು. ಅಮ್ಮ ಬಟಾಣಿ ಸುಲಿಯುತ್ತ, “ಎಂತ ಕೋವಿ? ಒಂಟಿನಳಿಗೆಯದೋ, ಜೋಡುನಳಿಗೆಯದೋ?” ಎಂದರು.

ನಾನು ಮರೆತಿದ್ದೆ. ಅಜ್ಜನ ಮನೆಯ ಜಗಲಿಯ ಒಳಗೋಡೆಯಲ್ಲಿ ಒಂದು ತೋಟಾಕೋವಿ ಇತ್ತು. ಗದ್ದೆಗೆ ಬೀಳುವ ಹಂದಿ, ತೋಟಕ್ಕೆ ಬೀಳುವ ಮಂಗ, ಇವುಗಳಿಂದ ಬೆಳೆ ಕಾಯಲೆಂದು ಲೈಸೆನ್ಸು. ಮಲೆನಾಡಿನ ಸಾವಿರಾರು ಕೋವಿಗಳ ಹಾಗೆ ಅದೂ ಪ್ರತಿ ಚುನಾವಣೆಗೆ ಪೊಲೀಸ್ ಠಾಣೆಗೆ ಹೋಗಿ ಕೂತು, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತಿತ್ತು. ಹಂದಿಗಳಿಗೆ ಚುನಾವಣಾ ಆಯೋಗದ ಮೇಲೆ ಅಪಾರ ಗೌರವ ಇದ್ದಿರಬೇಕು. ಅಜ್ಜ ಅದನ್ನು ಮಕ್ಕಳಿಗೆ ಮುಟ್ಟಗೊಡುತ್ತಿರಲಿಲ್ಲ. ಮುಟ್ಟಬೇಡಿ ಎಂದು ಉಳಿದ ಮೊಮ್ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು, ನನಗೆ ಒಂದೇ ಸಲ ಸಾಕಾಗಿತ್ತು. ಅಜ್ಜ ಈಡು ಹೊಡೆದರೆ ಅಟ್ಟದ ಮೇಲಿನ ಕತ್ತಲಕೋಣೆಯಲ್ಲಿ ಭತ್ತದ ಮೂಟೆಗಳ ನಡುವೆ ನನ್ನನ್ನು ಹುಡುಕಬೇಕಾಗುತ್ತಿತ್ತಂತೆ. ಇದನ್ನು ಅಮ್ಮ ಸೊಸೆಗೂ ಮೊಮ್ಮಗಳಿಗೂ ಊಟದ ಹೊತ್ತಿನಲ್ಲಿ ವಿವರವಾಗಿ ತಿಳಿಸಿದರು. ಮಗಳು ಕನ್ನಡ ಅರ್ಥವಾಗದ ಹಾಗೆ ನಟಿಸುವುದರಲ್ಲಿ ಪ್ರವೀಣೆ. ಆ ದಿನ ಒಂದಕ್ಷರವನ್ನೂ ಬಿಡಲಿಲ್ಲ.

ಹೀಗೆ ವಂಶದ ಕ್ಷಾತ್ರ ನನ್ನೊಬ್ಬನನ್ನು ದಾಟಿ ಮುಂದೆ ಹೋಗಿರುವುದು ಸಾಬೀತಾದ ಮೇಲೆ, ನನ್ನ ಪಾಲಿಗೆ ಉಳಿದದ್ದು ಸಿದ್ಧಾಂತ. ನಾನು ಎಂಜಿನಿಯರು. ಹೆದರಿಕೆಯಾದಾಗ ಸ್ಪ್ರೆಡ್‌ಶೀಟ್ ತೆರೆಯುತ್ತೇನೆ.

ಬಂದೂಕು ಒದೆಯುವುದು ನ್ಯೂಟನ್ನನ ಮೂರನೇ ನಿಯಮದ ಪ್ರಕಾರ. ಮುಂದಕ್ಕೆ ಹೋಗುವ ಚರೆ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಬಟ್ಟಲು, ಉರಿದ ಮದ್ದಿನ ಅನಿಲ, ಇವೆಲ್ಲದರ ವೇಗ ಮತ್ತು ತೂಕದ ಲೆಕ್ಕಕ್ಕೆ ಸರಿಯಾಗಿ ಕೋವಿ ಹಿಂದಕ್ಕೆ ಬರಬೇಕು. ಹಿಂದೆ ಇರುವುದು ನಾವು. ಸಾಧಾರಣ 12 ಬೋರಿನ ತೋಟಾದಲ್ಲಿ 32 ಗ್ರಾಂ ಚರೆ ಇದ್ದು, ಸೆಕೆಂಡಿಗೆ 365 ಮೀಟರಿನಷ್ಟು ವೇಗದಲ್ಲಿ ಹೊರಟರೆ, ಮೂರೂವರೆ ಕಿಲೋ ಹತ್ತಿರದ ಬಂದೂಕು ನನ್ನ ಲೆಕ್ಕದಲ್ಲಿ ಸುಮಾರು 30 ಜೂಲ್ ಶಕ್ತಿಯಿಂದ ಭುಜಕ್ಕೆ ಬಡಿಯುತ್ತದೆ. ಕಡಿಮೆ ಒದೆಯ ತೋಟಾದಲ್ಲಿ ಚರೆ 26 ಗ್ರಾಂ, ವೇಗ ಸೆಕೆಂಡಿಗೆ 300 ಮೀಟರಿನ ಆಸುಪಾಸು. ಚರೆಯಲ್ಲೂ ವೇಗದಲ್ಲೂ ಕಡಿಮೆಯಾದದ್ದು ಅಷ್ಟಿಷ್ಟೇ, ಆದರೆ ಅದೇ ಬಂದೂಕಿನಲ್ಲಿ ಶಕ್ತಿ 14 ಜೂಲಿಗೆ ಇಳಿಯುತ್ತದೆ. ಅರ್ಧಕ್ಕಿಂತ ಕಡಿಮೆ! ಯಾಕೆಂದರೆ ಶಕ್ತಿ ಹಿನ್ನಡೆಯ ವೇಗದ ವರ್ಗವನ್ನು ಅನುಸರಿಸುತ್ತದೆ. ಅಷ್ಟೇ ಅಲ್ಲ, 300 ಮೀಟರ್ ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ, ಹಾಗಾಗಿ ಸದ್ದೂ ಮೆತ್ತಗೆ. ವರ್ಗದ ಮೇಲೆ ನನಗೆ ಇಷ್ಟು ಪ್ರೀತಿ ಹುಟ್ಟಿದ್ದು ಪಿಯುಸಿ ಮುಗಿದ ಮೇಲೆ ಇದೇ ಮೊದಲು.

ಈ ಸ್ಪ್ರೆಡ್‌ಶೀಟನ್ನು ಬಣ್ಣ ಬಣ್ಣದ ಕಾಲಮ್ಮುಗಳ ಸಮೇತ ಮುದ್ರಿಸಿಕೊಂಡು, ತಂಡದ ಕೋಚ್ ಮುಂದೆ ಇಟ್ಟೆ. ಕೋಚ್ ಎಂದರೆ ನಿವೃತ್ತರಾದ ಒಬ್ಬ ಹೆಂಗಸು. ಮಾತು ಕಡಿಮೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕುರ್ಚಿ ಹಾಕಿಕೊಂಡು ಮೀನು ಹಿಡಿಯುವ ಜನ ಇವರು, ಯಾವುದಕ್ಕೂ ಗಾಬರಿಯಾಗುವುದಿಲ್ಲ. ಕಾಗದವನ್ನು ಗಮನವಿಟ್ಟು ನೋಡಿ, ಹಿಂದಿರುಗಿಸಿ, “ಹುಡುಗಿಯ ಕೈ ಎಷ್ಟುದ್ದ?” ಎಂದು ಕೇಳಿದರು.

ಮಕ್ಕಳಿಗೆ ಬಂದೂಕು ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಚಿಕ್ಕದು, ಹಗುರದ್ದು. ಅಂಗಡಿಯಲ್ಲಿ ನಾನು ಆಸೆಯಿಂದ ನೋಡಿದ್ದೂ .410 ಎಂಬ ಸಣಕಲು ನಳಿಗೆಯ ಪುಟ್ಟ ಕೋವಿಯನ್ನೇ. ಕೋಚ್ ತಲೆಯಾಡಿಸಿದರು. ಆ ತೋಟಾದಲ್ಲಿ ಮಾಮೂಲಿಯಾಗಿ ಹಿಡಿಸುವುದು 14 ಗ್ರಾಂ, ಅಂದರೆ ಎಂಟನೇ ನಂಬರಿನ ಚರೆಯಾದರೆ ಇನ್ನೂರು ಕಾಳು. ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುವ ಬಿಲ್ಲೆಗೆ ಇನ್ನೂರು ಕಾಳಿನಿಂದ ಹೊಡೆಯುವುದು ನುರಿತವರ ಪಂದ್ಯ, ಮಗು ಹತ್ತು ಸಲ ತಪ್ಪಿಸಿ ಹನ್ನೊಂದನೇ ಸಲ ಮನೆಗೆ ಹೋಗೋಣ ಎನ್ನುತ್ತದೆ. ಇನ್ನು ಕೋವಿ ಹಗುರವಾದಷ್ಟೂ ಅದೇ ತೋಟಾ ಹೆಚ್ಚು ಒದೆಯುತ್ತದೆ. ಎರಡೂವರೆ ಕಿಲೋ ಕೋವಿಯಲ್ಲಿ ನನ್ನ 30 ಜೂಲ್ 40 ದಾಟುತ್ತಿತ್ತು. (ಇದು ನನ್ನ ಸ್ಪ್ರೆಡ್‌ಶೀಟಿನಲ್ಲೇ ಇತ್ತು. ಹಳದಿ ಕಾಲಮ್ಮು. ನಾನು ನೋಡಿರಲಿಲ್ಲ.) ಆದ್ದರಿಂದ ಅವರ ಸಲಹೆ ಕೇಳಲು ವಿಚಿತ್ರ, ಲೆಕ್ಕಕ್ಕೆ ಸರಿ: ದೊಡ್ಡವರ 12 ಬೋರಿನ ಭಾರದ ಕೋವಿ, ಅದಕ್ಕೆ ಚಿಕ್ಕ ಹಿಡಿ, ಒಳಗೆ ಸಾಧು ತೋಟಾ. ಅನಿಲದ ಒತ್ತಡದಿಂದ ತಾನೇ ಖಾಲಿ ಕೋಶ ಹೊರಹಾಕುವ ಬಗೆಯ ಕೋವಿಯಾದರೆ ಒದೆತ ಒಂದೇ ಏಟಿಗೆ ಬರದೆ ತುಸು ಹರಡಿಕೊಂಡು ಬರುತ್ತದೆ. ಒಂದು ತೊಡಕು: ಕೆಲವು ತೋಟಾಗಳು ಎಷ್ಟು ಸಾಧುವೆಂದರೆ ಗುಂಡು ಹಾರಿದ್ದು ಕೋವಿಗೇ ಗೊತ್ತಾಗುವುದಿಲ್ಲ, ಖಾಲಿ ಕೋಶ ಅಲ್ಲೇ ಕೂತಿರುತ್ತದೆ. ಕೈಯಿಂದ ಎಳೆದು ತೆಗೆಯಬೇಕು.

ಆಮೇಲೆ ಅಳತೆ. ಹಿಡಿಯ ಹಿಂತುದಿಯಿಂದ ಕುದುರೆ, ಅಂದರೆ ಟ್ರಿಗರಿನವರೆಗಿನ ದೂರ ದೊಡ್ಡವರ ಕೋವಿಯಲ್ಲಿ 36 ಸೆಂಟಿಮೀಟರಿನಷ್ಟು, ಮಕ್ಕಳದರಲ್ಲಿ 32ರ ಹತ್ತಿರ. ಹಿಡಿ ಉದ್ದವಾದರೆ ಮಗು ಹಿಂದಕ್ಕೆ ವಾಲಿ ನಿಲ್ಲುತ್ತದೆ, ಒದೆ ಬಂದಾಗ ಹಿಂದಕ್ಕೇ ಹೋಗುತ್ತದೆ. ಹೆಂಡತಿ ಹೊಲಿಗೆಯ ಟೇಪು ತಂದು ಮಗಳ ಮೊಳಕೈ ಮಡಿಕೆಯಿಂದ ಬೆರಳಿನವರೆಗೆ ಅಳೆದು, ಪಕ್ಕದಲ್ಲೇ ಬೆಳೆಯುವ ವಯಸ್ಸು ಎಂದು ಒಂದಿಂಚು ಸೇರಿಸಿ ಬರೆದಳು. ಲಂಗದ ಅಭ್ಯಾಸ. ಕೋಚ್ ಆ ಒಂದಿಂಚನ್ನು ಮೌನವಾಗಿ ಕಾಟುಹಾಕಿದರು.

ಕಣ್ಣಿನ ಪರೀಕ್ಷೆ ಮನೆಮಂದಿಗೆಲ್ಲ ನಡೆಯಿತು. ಎರಡು ಕಣ್ಣಲ್ಲಿ ಒಂದು ಯಜಮಾನ ಕಣ್ಣು ಇರುತ್ತದೆ. ಎರಡೂ ಅಂಗೈ ಚಾಚಿ, ನಡುವೆ ಒಂದು ಕಿಂಡಿ ಮಾಡಿ, ದೂರದ ವಸ್ತುವನ್ನು ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ. ಬಲಗೈಯವರಿಗೆ ಎಡಗಣ್ಣು ಯಜಮಾನವಾಗಿದ್ದರೆ ಬಿಲ್ಲೆ ಒಂದು ಕಡೆ, ಚರೆ ಇನ್ನೊಂದು ಕಡೆ. ಮಗಳದು ಬಲಗೈ, ಬಲಗಣ್ಣು. ಹೆಂಡತಿಯದೂ ಅಷ್ಟೆ. ಅಮ್ಮ ಕ್ಯಾಟರಾಕ್ಟ್ ಆಪರೇಷನ್ ಆದ ಕಣ್ಣಿನಿಂದ ಹಿತ್ತಲಿನ ಬೇಲಿ ಮೇಲಿನ ಅಳಿಲನ್ನು ಕಿಂಡಿಯಲ್ಲಿ ಹಿಡಿದು, “ಇದು ಸಿಕ್ತು” ಎಂದರು. ನನ್ನ ಎರಡು ಕಣ್ಣುಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಬಂದೂಕು ಮುಟ್ಟುವ ಮುಂಚೆ ರಾಜ್ಯದ ಸುರಕ್ಷತಾ ತರಬೇತಿ ಮುಗಿಸಿ ಸರ್ಟಿಫಿಕೇಟು ತರಬೇಕು. ಮಗಳು ಹೋದಳು, ಜೊತೆಗೆ ಹನ್ನೊಂದು ಹನ್ನೆರಡರ ಮಕ್ಕಳ ಹಿಂದಿನ ಬೆಂಚಿನಲ್ಲಿ ನಾನೂ ಕೂತೆ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ, ನಳಿಗೆ ಯಾವಾಗಲೂ ನಿರಪಾಯದ ದಿಕ್ಕಿಗಿರಲಿ, ಗುರಿ ಯಾವುದು ಮತ್ತು ಗುರಿಯ ಆಚೆ ಏನಿದೆ ನೋಡು, ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗಿರಲಿ. ಪರೀಕ್ಷೆಯಲ್ಲಿ ಮಗಳು ಪಾಸಾದಳು. ಅಪ್ಪಂದಿರಿಗೆ ಪರೀಕ್ಷೆ ಇರಲಿಲ್ಲ. ಇದ್ದಿದ್ದರೆ ನಾಲ್ಕರಲ್ಲಿ ಮೂರು ನಿಯಮ ನೆನಪಿದ್ದವು.

ಆ ನಾಲ್ಕು ನಿಯಮ ನಮ್ಮ ಮನೆಯ ಸಂವಿಧಾನವಾಯಿತು. ನಾನು ಸ್ಟವ್ ಹಚ್ಚುವ ಲೈಟರ್ ಹಿಡಿದುಕೊಂಡು ತಿರುಗಿದರೆ, “ಅಪ್ಪಾ, ನಳಿಗೆ!” ಕಿಟಕಿ ಒರೆಸುವ ಸ್ಪ್ರೇ ಬಾಟಲಿ ಹಿಡಿದರೆ, “ಬೆರಳು ಹೊರಗೆ!” ಟಿವಿ ರಿಮೋಟನ್ನು ಅಮ್ಮ ಕೂತ ದಿಕ್ಕಿನಿಂದ ಹಾಯಿಸಿ ಚಾನೆಲ್ ಬದಲಿಸಿದ್ದಕ್ಕೆ, “ಗುರಿಯ ಆಚೆ ಅಜ್ಜಿ ಇದ್ದಾರೆ” ಎಂದು ಎಚ್ಚರಿಕೆ. ಹೆಂಡತಿ ಕೂದಲೊಣಗಿಸುವ ಯಂತ್ರವನ್ನು ಈಗ ನೆಲಕ್ಕೆ ನಳಿಗೆ ಮಾಡಿಯೇ ಒಯ್ಯುತ್ತಾಳೆ. ಹದಿಮೂರು ವರ್ಷದೊಳಗಿನವರು ಹೇಳಿದ್ದನ್ನು ಇಡೀ ಮನೆ ಕೇಳುವ ಪರಿಸ್ಥಿತಿ ಮೊದಲೂ ಇತ್ತು. ಈಗ ಅದಕ್ಕೆ ಸರ್ಟಿಫಿಕೇಟು ಬಂದಿದೆ.

ಮೊದಲ ದಿನ ರೇಂಜಿನಲ್ಲಿ ಅವರು ಕಲಿಸಿದ ಕ್ರಮ ನೋಡಿ, ಈಜು ಕಲಿಸುತ್ತೇನೆಂದು ನನ್ನನ್ನು ತುಂಗೆಗೆ ತಳ್ಳಿದ್ದ ಮಾವನ ನೆನಪಾಗಿ ಹೊಟ್ಟೆಯುರಿಯಿತು. ಕಿವಿಗೆ ಒಳಗೆ ಬಿರಡೆ, ಮೇಲೊಂದು ಮುಚ್ಚಳ. ಮಕ್ಕಳು ಹೆದರುವುದು ಒದೆಗಿಂತ ಹೆಚ್ಚಾಗಿ ಸದ್ದಿಗೆ ಅಂತ ಕೋಚ್ ಹೇಳಿದರು. ನಾನು ‘ಮಕ್ಕಳು’ ಎಂಬ ಮಾತಿಗೆ ಜೋರಾಗಿ ತಲೆಯಾಡಿಸಿದೆ. ಮೊದಲು ಖಾಲಿ ಕೋವಿಯನ್ನು ಎತ್ತುವುದು, ಇಳಿಸುವುದು. ಎಡಗಾಲು ಮುಂದೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗು. ಹಿಡಿಯನ್ನು ತೋಳಿನ ಮೇಲಲ್ಲ, ಭುಜದ ಒಳಗುಳಿಯಲ್ಲಿ ಒತ್ತಿ ಇಡು. ಕೆನ್ನೆ ಹಿಡಿಗೆ ತಾಗಿಯೇ ಇರಲಿ. ಆಮೇಲೆ ಒಂದೇ ಒಂದು ತೋಟಾ, ಅದೂ ಅಲುಗದೆ ನಿಂತ ಬಿಲ್ಲೆಗೆ.

ಕುರ್ಚಿ ಹಾಕಿಸಿಕೊಂಡು ಹಿಂದೆ ಕೂತಿದ್ದ ಅಮ್ಮ ಇದನ್ನು ನೋಡಿ ಮೊಮ್ಮಗಳಿಗೆ ತಮ್ಮ ಭಾಷ್ಯ ಕೊಟ್ಟರು: “ಒದೆಯೋ ಎಮ್ಮೆ ಹತ್ರ ಕಾಲಿಂದ ದೂರ ನಿಂತ್ರೆ ಪೆಟ್ಟು ಜಾಸ್ತಿ ಮಗಾ. ಮೈಗೆ ಮೈ ಒತ್ತಿ ನಿಂತ್ರೆ ಬರೀ ನೂಕುತ್ತೆ, ಅಷ್ಟೇ. ಇದೂ ಅಷ್ಟೇ.” ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಕೋಚ್ ಯೋಚಿಸಿ, ಮುಂದಿನ ವಾರದಿಂದ ಎಲ್ಲ ಮಕ್ಕಳಿಗೂ ಇದನ್ನೇ ಹೇಳುತ್ತೇನೆ ಎಂದರು. ನನ್ನ ಸ್ಪ್ರೆಡ್‌ಶೀಟಿನ ಬಗ್ಗೆ ಅವರು ಹೀಗೆ ಹೇಳಿರಲಿಲ್ಲ.

ಮಗಳು ಹೊಡೆದಳು. ಬಿಲ್ಲೆ ಪುಡಿಯಾಯಿತು. ಅವಳ ಭುಜ ಒಂದಿಷ್ಟು ಹಿಂದೆ ಸರಿದು ತನ್ನ ಜಾಗಕ್ಕೆ ಬಂತು. “ಇಷ್ಟೇನಾ?” ಎಂಬ ಮುಖ ಮಾಡಿ, ಕೋವಿ ತೆರೆದು, ನಳಿಗೆ ಆಕಾಶಕ್ಕಿಟ್ಟು, ಹಿಂದಿರುಗಿ ನಮ್ಮ ಕಡೆ ನೋಡಿದಳು. ಹೆಂಡತಿ ಅಳುತ್ತಿದ್ದಳು, ಸಂತೋಷಕ್ಕೋ ಗಾಬರಿಗೋ ನಾನು ಕೇಳಲಿಲ್ಲ. ಕೇಳುವ ಹೊತ್ತಿಗೆ ಮಗಳು “ಈಗ ಅಪ್ಪ” ಎಂದಾಗಿತ್ತು.

ನನಗೆ ಕೊಟ್ಟದ್ದು ದೊಡ್ಡವರ ಕೋವಿ, ದೊಡ್ಡವರ ತೋಟಾ. 30 ಜೂಲ್. ಅದು ಎಷ್ಟು ಅನ್ನುವುದನ್ನು ದಶಮಾಂಶದ ಆಚೆಯೂ ಬಲ್ಲವನು ಅಲ್ಲಿ ನಾನೊಬ್ಬನೇ. ಹಿಡಿಯನ್ನು ಒಳಗುಳಿಯಲ್ಲಿಡುವುದೆಂದರೆ ಅದನ್ನು ನನ್ನ ಹತ್ತಿರಕ್ಕೆ ತಂದುಕೊಳ್ಳಬೇಕು. ಮೈ ಒಪ್ಪಲಿಲ್ಲ. ಹಿಡಿ ಮೆಲ್ಲಗೆ ತೋಳಿನ ಮೇಲೆ ಜರುಗಿತು, ಕೆನ್ನೆ ಅದರಿಂದ ದೂರ ಜರುಗಿತು. ಆ ಹೊಡೆತದಲ್ಲಿ ಬಿಲ್ಲೆಗೆ ಏನೂ ಆಗಲಿಲ್ಲ.

ಎರಡು ಮೂರು ಈಡು ಇದೇ ಕಥೆಯಾದ ಮೇಲೆ ಕೋಚ್, “ನಾನೇ ತುಂಬಿಸಿ ಕೊಡುತ್ತೇನೆ” ಎಂದು ಕೋವಿ ಇಸಿದುಕೊಂಡರು. ನನಗೆ ಬೆನ್ನು ಹಾಕಿ ತುಂಬಿಸಿದರು. ಅದರಲ್ಲಿ ಹೂಟ ಇರಬಹುದೆಂದು ಹೊಳೆಯಲಿಲ್ಲ. ನಾನು ಗುರಿಯಿಟ್ಟೆ. ಕುದುರೆ ಎಳೆದೆ. ‘ಟಿಕ್’ ಎಂದಿತು. ಗುಂಡಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಒಳಗಿದ್ದದ್ದು ಹುಸಿ ತೋಟಾ. ಆದರೂ ನನ್ನ ಭುಜ ಹಿಂದಕ್ಕೆ ಹಾರಿತ್ತು, ಮೊಣಕಾಲು ಮಡಿಸಿಕೊಂಡಿತ್ತು, ನಳಿಗೆ ಅರ್ಧ ಅಡಿ ಕೆಳಗೆ ಹೋಗಿತ್ತು, ಬಾಯಿಂದ ‘ಅಯ್ಯೋ’ ಎಂದು ಬಂದಿತ್ತು. ಆ ‘ಅಯ್ಯೋ’ ಅಷ್ಟು ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. ಎರಡೂ ಕಣ್ಣು ಮುಚ್ಚಿದ್ದವು ಎಂದು ಮಗಳ ಸ್ನೇಹಿತೆಯೊಬ್ಬಳು ಸಾಕ್ಷಿ ಹೇಳಿದಳು. ಯಜಮಾನ ಕಣ್ಣಿನ ವ್ಯಾಜ್ಯಕ್ಕೆ ಅದೂ ಒಂದು ಬಗೆಯ ರಾಜಿ.

ಬರಲಿರುವ ಒದೆಗೆ ಮೈ ಮೊದಲೇ ಬೆದರುವುದು ಇಲ್ಲಿ ದೊಡ್ಡ ಕಾಯಿಲೆ. ಭಾರದ ತೋಟಾದಿಂದ ಮೊದಲ ದಿನವೇ ಪೆಟ್ಟು ತಿಂದ ಮಗುವಿಗೆ ಇದು ಅಂಟಿಕೊಂಡರೆ ವರ್ಷಗಟ್ಟಲೆ ಬಿಡುವುದಿಲ್ಲವಂತೆ. ಅದಕ್ಕೇ ಸಾಧು ತೋಟಾ, ಅದಕ್ಕೇ ಆ ಸಾವಧಾನ. ಒದೆಯೇ ಇಲ್ಲದೆ ಬೆದರುವವರಿಗೆ ಯಾವ ತೋಟಾ ಕೊಡುತ್ತೀರಿ ಎಂದು ಕೇಳಿದೆ. ಕೋಚ್ ಮಾತಾಡದೆ ಮಗಳ ಡಬ್ಬಿಯಿಂದ ಒಂದು ಹಿಡಿ ತೆಗೆದು ನನ್ನ ಜೇಬಿಗೆ ಹಾಕಿದರು.

ರಾತ್ರಿ ಬಲತೋಳಿನಲ್ಲಿ ಅಂಗೈಯಗಲ ನೇರಳೆ ಬಣ್ಣ ಎದ್ದಿತ್ತು. ಮಗಳ ಭುಜದಲ್ಲಿ ಗುರುತೂ ಇರಲಿಲ್ಲ. ಕಲೆ ಎಲ್ಲಿದೆ ಎಂದು ನೋಡಿದರೆ ಹಿಡಿ ಎಲ್ಲಿತ್ತು ಎಂದು ಗೊತ್ತಾಗುತ್ತದಂತೆ, ಆ ಲೆಕ್ಕದಲ್ಲಿ ನಾನು ಕೋವಿಯನ್ನು ಕಂಕುಳಲ್ಲಿ ಛತ್ರಿ ಇಟ್ಟುಕೊಂಡಷ್ಟು ಆಚೆಗೆ ಇಟ್ಟುಕೊಂಡಿದ್ದೆ. ಅಮ್ಮ ಮಹಾನಾರಾಯಣ ತೈಲ ಬಿಸಿ ಮಾಡಿ ತಿಕ್ಕುತ್ತ, “ನಿನ್ನಜ್ಜ ಎಪ್ಪತ್ತರಲ್ಲೂ ಜೋಡೀಡು ಹೊಡಿತಿದ್ರು” ಎಂದರು. ಸಾಂತ್ವನ ಹೇಳಲೆಂದೇ ಅಂದದ್ದು. ಎಡಗೈಯಲ್ಲಿ ಸಾರನ್ನ ಕಲೆಸುವಂತಿಲ್ಲ, ಬಲಗೈ ಬಾಯಿಯವರೆಗೆ ಬರುವುದಿಲ್ಲ. ಹೆಂಡತಿ ಚಮಚ ತಂದಿಟ್ಟು, ಆಫೀಸಿನಲ್ಲಿ ಏನು ಹೇಳುತ್ತೀರಿ ಎಂದಳು. ಕ್ರಿಕೆಟ್ ಎಂದು ಹೇಳಿದೆ.

ಅಮ್ಮನಿಗೂ ಕೋಚ್‌ಗೂ ಭಾಷೆಯಿಲ್ಲದೆ ಬೆಳೆದ ಸ್ನೇಹದ ಹಿಂದೆ ಮಡಿಯ ಕೈವಾಡವಿದೆ. ಚರೆಯಲ್ಲಿ ಇರುವುದು ಸೀಸ, ಮದ್ದಿನ ಹೊಗೆಯಲ್ಲೂ ಅದರ ಅಂಶ ಇರುತ್ತದೆ, ಮಕ್ಕಳ ಮೈಗೆ ಅದು ಕೆಟ್ಟದ್ದು. ಹಾಗಾಗಿ ರೇಂಜಿನಲ್ಲಿ ಕೈ ತೊಳೆಯದೆ ಏನೂ ತಿನ್ನುವ ಹಾಗಿಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಬೇಕು, ಆ ಬಟ್ಟೆ ಬೇರೆಯೇ ಒಗೆಯಬೇಕು, ಬೂಟು ಒಳಗೆ ಬರಕೂಡದು. ನಲವತ್ತು ವರ್ಷ ಅಮ್ಮ ಹೇಳಿದ್ದೂ ಇದನ್ನೇ, ನಾವು ಯಾರೂ ಕೇಳಿರಲಿಲ್ಲ. ಈಗ ಇಂಗ್ಲಿಷಿನಲ್ಲಿ ಒಬ್ಬರು ಹೇಳಿದ್ದಾರೆ. ಗ್ಯಾರೇಜಿನಲ್ಲಿ ಬಟ್ಟೆ ಬದಲಿಸಲು ನಿಂತ ನನ್ನನ್ನು ನೋಡುವಾಗ ಅಮ್ಮನ ಮುಖದಲ್ಲಿ ಒಂದು ಧನ್ಯತೆ ಇರುತ್ತದೆ.

ಮಗಳು ಈಗ ಹಾರುವ ಬಿಲ್ಲೆಗೇ ಹೊಡೆಯುತ್ತಾಳೆ. ಬಿಲ್ಲೆ ಚಿಮ್ಮುವ ಗೂಡಿನಿಂದ 16 ಗಜ ಹಿಂದೆ ಐದು ಜಾಗಗಳು, ಒಂದೊಂದರಲ್ಲಿ ಐದೈದು ಹೊಡೆತ, ಒಟ್ಟು ಇಪ್ಪತ್ತೈದು. ‘ಪುಲ್’ ಎಂದು ಕೂಗಿದರೆ ಬಿಲ್ಲೆ ಯಾವ ಮಗ್ಗುಲಿಗೆ ಬರುತ್ತದೋ ಗೊತ್ತಿಲ್ಲ. ಅವಳು ಇಪ್ಪತ್ತರ ಸುತ್ತಮುತ್ತ ಇದ್ದಾಳೆ. ನನ್ನ ಅಂಕ ಕೇಳಬೇಡಿ. ಅಪ್ಪಂದಿರು ಸ್ವಯಂಸೇವಕರಾಗಿ ಅಂಕ ಬರೆಯಬೇಕಾಗುತ್ತದೆ. ನಾನು ಸುಂದರವಾಗಿ ಬರೆಯುತ್ತೇನೆ, ಅದರಲ್ಲಿ ನನ್ನನ್ನು ಮೀರಿಸಿದವರು ತಂಡದಲ್ಲಿ ಇಲ್ಲ.

ಆಯುಧಪೂಜೆಯ ದಿನ ಹೆಂಡತಿ ನಂಬರು ಒತ್ತಿ ಕಪಾಟು ತೆರೆದಳು. ಮಗಳು ಮೊದಲು ಕೋವಿ ತೆರೆದು ಖಾಲಿ ಇದೆಯೆಂದು ತಾನು ನೋಡಿ, ಅಜ್ಜಿಗೆ ತೋರಿಸಿ, ನಳಿಗೆ ಗೋಡೆಯ ಕಡೆ ಮಾಡಿ ಮಣೆಯ ಮೇಲೆ ಇಟ್ಟಳು. ಅಮ್ಮ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪಿಗೂ ಒಂದು ಬೊಟ್ಟಿಟ್ಟರು. “ಅದರಿಂದ್ಲೂ ಯಾರಿಗೂ ಏನೂ ಆಗ್ಲಿಲ್ಲ ನೋಡು” ಎಂದರು. ಅದರೊಳಗಿನ ಸ್ಪ್ರೆಡ್‌ಶೀಟನ್ನು ಉದ್ದೇಶಿಸಿ ಹೇಳಿದ್ದೋ ಏನೋ.

ಅವತ್ತು ಊಟಕ್ಕೆ ಬಂದಿದ್ದವನು ವಿರಾಜಪೇಟೆ ಕಡೆಯ ಗೆಳೆಯ, ಇಲ್ಲೇ ಸೇಂಟ್ ಪಾಲ್‌ನಲ್ಲಿರುವವನು. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಈಗಿನದು 2029ರವರೆಗೆ. ಅವನಿಗೆ ಇದೆಲ್ಲ ಬೆಳಗಿನ ಕಾಫಿಯಷ್ಟು ಸಹಜ. ಕುಂಕುಮದ ಕೋವಿ ನೋಡಿ ಅವನಿಗೆ ಊರು ನೆನಪಾಯಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ, ಕೋವಿಗೆ ಪೂಜೆ ಮಾಡಿ ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುವುದು, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, .22ಕ್ಕೆ ಬೇರೆ, 12 ಬೋರಿಗೆ ಬೇರೆ, ಏರ್‌ಗನ್ನಿಗೆ ಬೇರೆ. ಮುಂದಿನ ಸಲ ಊರಿಗೆ ಹೋಗುವಾಗ ಎಲ್ಲರೂ ನಮ್ಮ ಮನೆಗೆ ಬನ್ನಿ, ಮಗಳೂ ಒಂದು ಕಾಯಿ ಹೊಡೆಯಲಿ ಎಂದ.

ಮಗಳು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, “ತೆಂಗಿನಕಾಯಿ ಎಷ್ಟು ಸ್ಪೀಡಲ್ಲಿ ಬರುತ್ತೆ ಅಂಕಲ್?” ಎಂದಳು.

“ಬರೋದಿಲ್ಲ ಮಗಳೇ. ಕಟ್ಟಿರ್ತಾರೆ. ಅಲ್ಲೇ ಇರುತ್ತೆ.”

“ಅಲ್ಲಾಡೋದೇ ಇಲ್ವಾ?”

“ಗಾಳಿ ಬಂದ್ರೆ ಸ್ವಲ್ಪ.”

“ಹಾಗಿದ್ರೆ ಅಪ್ಪ ಹೊಡೀಲಿ.”

ಅಮ್ಮ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, “ಕಾಯಿ ಕಟ್ಟೋಕೆ ಹತ್ತಿದವನು ಇಳಿದನಾ ಅಂತ ನೋಡ್ಕಂಡು ಹೊಡಿ, ಆಯ್ತಾ?” ಎಂದರು.